ಕೈಗೆತ್ತಿಕೊಳ್ಳಲಾಗದ ಸರಕು

ಅಂಗಡಿಗೆ ಹೋದಾಗ ನಾವು ಮಾಡುವ ಮೊದಲ ಕೆಲಸವೆಂದರೆ ಕಣ್ಣಿಗೆ ಬಿದ್ದ ವಸ್ತುವನ್ನು ಕೈಗೆತ್ತಿಕೊಳ್ಳುವುದು. ತೆಂಗಿನಕಾಯಿಯಾದರೆ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇವೆ; ಸೀರೆಯಾದರೆ ಸೆರಗನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತೇವೆ; ಮಡಕೆಯಾದರೆ ಗೆಣ್ಣಿನಿಂದ ತಟ್ಟಿ ಅದರ ನಾದವನ್ನು ಕೇಳುತ್ತೇವೆ. ಇಂಥ ವ್ಯಾಪಾರದಲ್ಲಿ ನಾವು ನಿಂತಲ್ಲೇ ನಿಂತಿರುತ್ತೇವೆ, ಸರಕು ನಮ್ಮ ಕೈಯಲ್ಲಿ ತಿರುಗುತ್ತದೆ. ಆದರೆ ಮಂಚ, ಬೀರು, ಊಟದ ಮೇಜು, ರತ್ನಗಂಬಳಿ ಮುಂತಾದವುಗಳ ವಿಷಯದಲ್ಲಿ ಹಾಗಲ್ಲ. ಅಲ್ಲಿ ಸರಕು ನಿಂತಿರುತ್ತದೆ; ನಾವು ಅದರ ಸುತ್ತ ತಿರುಗಬೇಕಾಗುತ್ತದೆ. ಯಾವ ದಾರಿಯಲ್ಲಿ ತಿರುಗಬೇಕು, ಮೊದಲು ಯಾವುದನ್ನು ನೋಡಬೇಕು, ಯಾವುದನ್ನು ಕೊನೆಗೆ ನೋಡಬೇಕು ಎಂಬುದನ್ನು ನಾವು ಬರುವುದಕ್ಕೆ ಮುಂಚೆಯೇ ಅಂಗಡಿಯವನು ನಿಶ್ಚಯಿಸಿರುತ್ತಾನೆ.

ಈ ಬಗೆಯ ಸರಕುಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಒಂದಿದೆ. ಅದು ಮಂಚದಷ್ಟು ಉದ್ದ, ಬೀರುವಿನಷ್ಟು ಭಾರ. ಸಾಲದ್ದಕ್ಕೆ ಅದನ್ನು ನೋಡಲು ಯಾರೂ ಇಷ್ಟಪಡುವುದಿಲ್ಲ. ನಾನು ಹೇಳುತ್ತಿರುವುದು ಶವಪೆಟ್ಟಿಗೆಯನ್ನು ಕುರಿತು. ವಿಷಯ ಅಮಂಗಳವೆಂದು ಕೆಲವರಿಗೆ ತೋರಬಹುದು. ಆದರೆ ಮನುಷ್ಯನ ವ್ಯಾಪಾರಬುದ್ಧಿಯೂ ಅವನ ದುಃಖವೂ ಒಂದೇ ಕೋಣೆಯಲ್ಲಿ ಎದುರುಬದುರಾಗಿ ನಿಲ್ಲುವ ಪ್ರಸಂಗ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ. ಇಂಗ್ಲೆಂಡು, ಅಮೆರಿಕ ದೇಶಗಳಲ್ಲಿ ಈ ಸರಕನ್ನು ಜನರ ಕಣ್ಣಿಗೆ ಒಡ್ಡಿದ ರೀತಿ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಕೊನೆಗೆ ಕಾನೂನು ಅದರಲ್ಲಿ ಏಕೆ ಕೈಹಾಕಬೇಕಾಯಿತು ಎಂಬುದೇ ಈ ಭಾಷಣದ ವಸ್ತು.

ಹತ್ತೊಂಬತ್ತನೆಯ ಶತಮಾನಕ್ಕೆ ಮುಂಚೆ ದೊಡ್ಡ ಸರಕುಗಳ ಪ್ರದರ್ಶನದ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಮೇಜು ಬೇಕಾದವನು ಬಡಗಿಯ ಬಳಿಗೆ ಹೋಗಿ ಅಳತೆ ಹೇಳುತ್ತಿದ್ದ. ಬಡಗಿ ಮರ ತಂದು ಮಾಡಿಕೊಡುತ್ತಿದ್ದ. ಶವಪೆಟ್ಟಿಗೆಯೂ ಹಾಗೆಯೇ. ಸಾವು ಸಂಭವಿಸಿದ ಮೇಲೆ ಅಳತೆ ತೆಗೆದು, ರಾತ್ರೋರಾತ್ರಿ ಹಲಗೆ ಕೊಯ್ದು ಜೋಡಿಸುವ ಪದಾರ್ಥ ಅದು. ಡಿಕನ್ಸ್ 1837ರಿಂದ 1839ರವರೆಗೆ ಬರೆದು ಪ್ರಕಟಿಸಿದ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಸವರ್‌ಬೆರಿ ಎಂಬ ಶವಸಂಸ್ಕಾರದ ವ್ಯಾಪಾರಿಯೊಬ್ಬ ಬರುತ್ತಾನೆ. ಅವನ ಅಂಗಡಿಯಲ್ಲಿ ಅರೆ ಮುಗಿದ ಪೆಟ್ಟಿಗೆ ನಡುಮಧ್ಯದಲ್ಲಿ ಆನಿಕೆಗಳ ಮೇಲೆ ಕುಳಿತಿದೆ. ಅದರ ಆಸುಪಾಸಿನಲ್ಲಿಯೇ ಅನಾಥ ಬಾಲಕ ಮಲಗಬೇಕು. ಅದು ಪ್ರದರ್ಶನವಲ್ಲ, ಕಮ್ಮಟ. ಆದರೆ ಅದೇ ಸವರ್‌ಬೆರಿಯ ಜೇಬಿನಲ್ಲಿ ಒಂದು ನಶ್ಯದ ಡಬ್ಬಿಯಿದೆ. ಅದರ ಆಕಾರ ಪುಟ್ಟದೊಂದು ಶವಪೆಟ್ಟಿಗೆಯದು. ಕೈಗೆತ್ತಿಕೊಳ್ಳಲಾಗದ ಸರಕನ್ನು ಕಿರಿದುಮಾಡಿ ಕೈಯಲ್ಲಿ ಹಿಡಿದು ತಿರುಗುವ ಉಪಾಯ ಅದು. ಮುಂದೆ ಅವನು ಆ ಹುಡುಗನ ಸಪ್ಪೆ ಮುಖವನ್ನೇ ಬಂಡವಾಳ ಮಾಡಿಕೊಂಡು, ಮಕ್ಕಳ ಶವಯಾತ್ರೆಗಳ ಮುಂದೆ ಕರಿಯ ಬಟ್ಟೆ ತೊಡಿಸಿ ನಡೆಸುತ್ತಾನೆ. ದುಃಖದ ವ್ಯಾಪಾರದಲ್ಲಿ ತೋರಿಕೆಯೇ ಸರಕಾಗುತ್ತದೆಂಬುದನ್ನು ಕಾದಂಬರಿಕಾರ ಅಷ್ಟು ಮುಂಚೆಯೇ ಕಂಡುಕೊಂಡಿದ್ದ.

ಈ ಸ್ಥಿತಿಯನ್ನು ಬದಲಿಸಿದ್ದು ಗಾಜು ಎನ್ನಬೇಕು. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕ ರದ್ದಾಯಿತು. ಅಗಲವಾದ ಗಾಜಿನ ಹಲಗೆಗಳು ಅಗ್ಗವಾದವು. ಅಂಗಡಿಗಳ ಮುಖ ತೆರೆದುಕೊಂಡಿತು. ಆರು ವರ್ಷಗಳ ಬಳಿಕ, 1851ರಲ್ಲಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನದೇ ಒಂದು ಅರಮನೆ ಎದ್ದು ನಿಂತು, ಜಗತ್ತಿನ ಸರಕುಗಳೆಲ್ಲ ಅದರೊಳಗೆ ಬಂದು ಸೇರಿದವು. ಅಲ್ಲಿ ನಡೆದ ಒಂದು ಸಂಗತಿ ದಸರೆಯ ಜಂಬೂಸವಾರಿ ನೋಡಿ ಬೆಳೆದ ನಮ್ಮವರಿಗೆ ಸ್ವಾರಸ್ಯವಾಗಿ ತೋರೀತು. ಬಂಗಾಳದ ಮುರ್ಷಿದಾಬಾದಿನ ನವಾಬರಿಂದ ಒಂದು ಅಂಬಾರಿ ಬಂದಿತ್ತು. ಅದನ್ನು ತೋರಿಸುವುದು ಹೇಗೆ? ನೆಲದ ಮೇಲಿಟ್ಟರೆ ಅದು ಕೇವಲ ಒಂದು ದೊಡ್ಡ ಕುರ್ಚಿ. ಅಂಬಾರಿ ಅಂಬಾರಿಯೆನಿಸಬೇಕಾದರೆ ಆನೆ ಬೇಕು. ವ್ಯವಸ್ಥಾಪಕರು ಹುಡುಕಿ, ಎಸೆಕ್ಸ್ ಪ್ರಾಂತದ ಸ್ಯಾಫ್ರನ್ ವಾಲ್ಡನ್ ಊರಿನ ವಸ್ತುಸಂಗ್ರಹಾಲಯದಿಂದ ಒಣಹುಲ್ಲು ತುಂಬಿದಂಥ ಒಂದು ಸತ್ತ ಆನೆಯನ್ನು ಎರವಲು ತಂದು, ಅದರ ಬೆನ್ನ ಮೇಲೆ ಅಂಬಾರಿಯನ್ನು ಏರಿಸಿದರು. ಆ ಆನೆ ಭಾರತದ್ದಲ್ಲ, ಆಫ್ರಿಕದ್ದು! ನೋಡಿದ ಜನಕ್ಕೆ ಅದು ಅಡ್ಡಿಯಾಗಲಿಲ್ಲ.

ನಗು ಬರಿಸುವ ಈ ಪ್ರಸಂಗದಲ್ಲಿ ಪ್ರದರ್ಶನಕಲೆಯ ಮೂಲಸೂತ್ರವೇ ಅಡಗಿದೆ. ದೊಡ್ಡ ವಸ್ತುವನ್ನು ತೋರಿಸಲು ಒಂದು ಆಧಾರ ಬೇಕು; ಆ ಆಧಾರ ವಸ್ತುವನ್ನು ಹೊರುವುದಷ್ಟೇ ಅಲ್ಲ, ಅದಕ್ಕೆ ಅರ್ಥವನ್ನೂ ಕೊಡುತ್ತದೆ; ಆಧಾರ ನಿಜವಾದದ್ದೇ ಆಗಿರಬೇಕೆಂದೇನೂ ಇಲ್ಲ.

ಈ ಸೂತ್ರವನ್ನು ಶಾಸ್ತ್ರವಾಗಿ ಬೆಳೆಸಿದವರು ಪ್ಯಾರಿಸಿನ ವ್ಯಾಪಾರಿಗಳು. ಅರಿಸ್ಟೀಡ್ ಬೂಸಿಕೋ ಎಂಬಾತ 1852ರಲ್ಲಿ ‘ಬಾನ್ ಮಾರ್ಷೆ’ ಎಂಬ ಅಂಗಡಿಯಲ್ಲಿ ಪಾಲುದಾರನಾಗಿ ಸೇರಿ, 1869ರಲ್ಲಿ ಅದಕ್ಕೆ ಕಬ್ಬಿಣ ಮತ್ತು ಗಾಜಿನ ಬೃಹತ್ ಕಟ್ಟಡವನ್ನು ಕಟ್ಟಿಸಲು ತೊಡಗಿದ. ನಿಗದಿಯಾದ ಬೆಲೆ, ಚೌಕಾಸಿಯಿಲ್ಲದ ವ್ಯಾಪಾರ, ಕೊಳ್ಳದೆಯೂ ಒಳಗೆ ಅಡ್ಡಾಡುವ ಸ್ವಾತಂತ್ರ್ಯ ಇವು ಅಲ್ಲಿಯ ನಿಯಮಗಳು. ಎಮಿಲ್ ಜೋಲಾ 1883ರಲ್ಲಿ ಇಂಥದೇ ಒಂದು ಮಳಿಗೆಯನ್ನು ಕುರಿತು ಕಾದಂಬರಿ ಬರೆದ. ಅದರ ನಾಯಕ ಮೂರೆ, ಒಂದು ಹೊಸ ಮಾರಾಟದ ಹಿಂದಿನ ದಿನ ಇದ್ದಕ್ಕಿದ್ದಂತೆ ಎಲ್ಲ ವಿಭಾಗಗಳನ್ನೂ ಚದುರಿಸಿ ಬೇರೆ ಬೇರೆ ಮೂಲೆಗಳಿಗೆ ಹಾಕಿಸುತ್ತಾನೆ. ಒಂದು ವಸ್ತುವಿಗಾಗಿ ಬಂದ ಹೆಂಗಸು ಇಡೀ ಮಳಿಗೆಯನ್ನು ಸುತ್ತಬೇಕು, ದಾರಿ ತಪ್ಪಬೇಕು, ತಪ್ಪಿದ ದಾರಿಯಲ್ಲಿ ಬೇಡದ್ದನ್ನೂ ಕಾಣಬೇಕು ಎಂಬುದು ಅವನ ಲೆಕ್ಕ. ಸರಕು ಗಿರಾಕಿಯ ಕೈಯಲ್ಲಿ ತಿರುಗುವ ಕಾಲ ಮುಗಿದು, ಗಿರಾಕಿಯೇ ಸರಕಿನ ಸುತ್ತ ತಿರುಗುವ ಕಾಲ ಆರಂಭವಾಗಿತ್ತು. ಕಪಾಟು, ಮೇಜು, ಗಾಜಿನ ಪೆಟ್ಟಿಗೆ ಇವು ಮಾತ್ರ ಪ್ರದರ್ಶನದ ಸಲಕರಣೆಗಳಲ್ಲ. ಗಿರಾಕಿ ನಡೆಯುವ ದಾರಿಯೂ ಒಂದು ಸಲಕರಣೆ ಎಂಬುದು ಆಗ ಗೊತ್ತಾಯಿತು.

ಸಾವಿನ ಸರಕು ಈ ಹೊಸ ಗಾಜಿನ ಲೋಕಕ್ಕೆ ಬಂದದ್ದು ಮೊದಲು ಬಟ್ಟೆಯ ರೂಪದಲ್ಲಿ. ಲಂಡನ್ನಿನ ರೀಜೆಂಟ್ ಬೀದಿಯಲ್ಲಿ 1841ರಲ್ಲಿಯೇ ‘ಜೇಸ್’ ಎಂಬ ಶೋಕವಸ್ತ್ರಗಳ ಮಳಿಗೆ ತೆರೆದಿತ್ತು. ಗಂಡ ಸತ್ತ ಹೆಂಗಸು ಎಷ್ಟು ತಿಂಗಳು ಯಾವ ಬಗೆಯ ಕಪ್ಪು ಉಡಬೇಕು, ಯಾವಾಗ ಬೂದುಬಣ್ಣಕ್ಕೆ ಇಳಿಯಬಹುದು ಎಂಬ ಸಮಾಜದ ಕಟ್ಟಳೆಗಳೆಲ್ಲ ಅಲ್ಲಿ ಥಾನು ಥಾನಾಗಿ ಬಿಕರಿಗಿದ್ದವು. 1861ರಲ್ಲಿ ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ಕಪ್ಪು ಬಟ್ಟೆಯ ಬೇಡಿಕೆ ಇನ್ನೂ ಏರಿತು. ಆದರೆ ಬಟ್ಟೆ ಬಟ್ಟೆಯೇ. ಅದನ್ನು ಮಡಿಸಬಹುದು, ಬಿಚ್ಚಬಹುದು, ಮುಟ್ಟಬಹುದು. ಪೆಟ್ಟಿಗೆಯ ಪ್ರದರ್ಶನ ನಿಜವಾಗಿ ಶುರುವಾದದ್ದು ಅಮೆರಿಕದಲ್ಲಿ.

ಅಮೆರಿಕದ ಊರುಗಳಲ್ಲಿ ಕುರ್ಚಿ ಮೇಜು ಮಾಡುವವನೇ ಶವಪೆಟ್ಟಿಗೆಯನ್ನೂ ಮಾಡುತ್ತಿದ್ದುದರಿಂದ, ‘ಪೀಠೋಪಕರಣ ಮತ್ತು ಶವಸಂಸ್ಕಾರ’ ಎಂಬ ಎರಡು ವ್ಯವಹಾರಗಳು ಒಂದೇ ನಾಮಫಲಕದ ಕೆಳಗೆ ನಡೆಯುವುದು ಸಾಮಾನ್ಯವಾಗಿತ್ತು. 1848ರಲ್ಲಿ ಆಲ್ಮಂಡ್ ಫಿಸ್ಕ್ ಎಂಬಾತ ಎರಕದ ಕಬ್ಬಿಣದ ಶವಪೆಟ್ಟಿಗೆಗೆ ಪೇಟೆಂಟು ಪಡೆದ. ದೇಹದ ಆಕಾರವನ್ನೇ ಅನುಸರಿಸಿದ ಆ ಪೆಟ್ಟಿಗೆಯಲ್ಲಿ ಮುಖದ ನೇರಕ್ಕೆ ಒಂದು ಗಾಜಿನ ಕಿಂಡಿಯಿತ್ತು. ಅಂಗಡಿಯ ಮುಖಕ್ಕೆ ಬಂದ ಗಾಜು ಸತ್ತವನ ಮುಖಕ್ಕೂ ಬಂತು! 1850ರಲ್ಲಿ ಜಾನ್ ಕ್ಯಾಲ್‌ಹೂನ್, 1852ರಲ್ಲಿ ಹೆನ್ರಿ ಕ್ಲೇ ಎಂಬ ಹೆಸರಾಂತ ರಾಜಕಾರಣಿಗಳ ದೇಹಗಳು ಇಂಥ ಪೆಟ್ಟಿಗೆಗಳಲ್ಲಿ ಪಯಣ ಮಾಡಿದ ಮೇಲೆ ಅದರ ಕೀರ್ತಿ ಹಬ್ಬಿತು.

ಅದೇ ಸುಮಾರಿಗೆ ಹೆಸರೂ ಬದಲಾಯಿತು. ಭುಜದ ಬಳಿ ಅಗಲವಾಗಿ ಕಾಲ ಬಳಿ ಕಿರಿದಾಗುವ ಹಳೆಯ ಆರು ಮೂಲೆಯ ‘ಕಾಫಿನ್’ ಹಿಂದೆ ಸರಿದು, ನಾಲ್ಕು ಮೂಲೆಯ ‘ಕ್ಯಾಸ್ಕೆಟ್’ ಮುಂದೆ ಬಂತು. ಕ್ಯಾಸ್ಕೆಟ್ ಎಂದರೆ ಮೊದಲಿಗೆ ಒಡವೆಯ ಕರಂಡಕ. ಈ ಪದಪ್ರಯೋಗವನ್ನು ಕಂಡು ಕಾದಂಬರಿಕಾರ ಹಾಥಾರ್ನ್ 1863ರ ತನ್ನ ಪುಸ್ತಕವೊಂದರಲ್ಲಿ ಅಸಹ್ಯಪಟ್ಟಿದ್ದಾನೆ. ಆದರೆ ವ್ಯಾಪಾರಿಗಳಿಗೆ ಅದು ಹಿಡಿಸಿತು. ಮನುಷ್ಯಾಕೃತಿಯನ್ನು ನೆನಪಿಗೆ ತರುವ ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟರೆ ನೋಡುವವನ ಎದೆ ಝಲ್ಲೆನ್ನುತ್ತದೆ. ಚೌಕವಾದ, ಮೆರುಗು ಕೊಟ್ಟ, ಒಳಗೆ ಸ್ಯಾಟಿನ್ ಹೊದಿಸಿದ ಪೆಟ್ಟಿಗೆಯಾದರೆ ಅದು ಪೀಠೋಪಕರಣದ ಹಾಗೆ ಕಾಣುತ್ತದೆ. ಅಂತರ್ಯುದ್ಧದ ಕಾಲದಲ್ಲಿ, ದೂರದ ರಣರಂಗಗಳಿಂದ ದೇಹಗಳನ್ನು ಊರಿಗೆ ತರಬೇಕಾಗಿ ಬಂದು, ದೇಹವನ್ನು ಕೆಡದಂತೆ ಕಾಪಾಡುವ ವಿದ್ಯೆ ಬಳಕೆಗೆ ಬಂತು. 1865ರಲ್ಲಿ ಲಿಂಕನ್ನನ ದೇಹ ರೈಲಿನಲ್ಲಿ ಊರೂರು ದಾಟಿ ಹೋದಾಗ ಅದನ್ನು ಲಕ್ಷಾಂತರ ಜನ ಕಂಡರು. 1882ರಲ್ಲಿ ಶವಸಂಸ್ಕಾರದ ವೃತ್ತಿಯವರು ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಕಾರ್ಖಾನೆಗಳಲ್ಲಿ ಪೆಟ್ಟಿಗೆಗಳು ಸಿದ್ಧವಾಗತೊಡಗಿದವು. ಅಳತೆಗೆ ಮಾಡಿಕೊಡುವ ವಸ್ತು, ದಾಸ್ತಾನಿನಿಂದ ಆರಿಸಿಕೊಳ್ಳುವ ವಸ್ತುವಾಯಿತು. ಆರಿಸಬೇಕಾದರೆ ನೋಡಬೇಕು; ನೋಡಬೇಕಾದರೆ ಒಂದು ಕೋಣೆ ಬೇಕು. ಹೀಗೆ ಅಮೆರಿಕದ ಶವಸಂಸ್ಕಾರ ಗೃಹಗಳಲ್ಲಿ ‘ಆಯ್ಕೆಯ ಕೋಣೆ’ ಎಂಬುದು ಹುಟ್ಟಿಕೊಂಡಿತು.

ಈ ಕೋಣೆಯ ಸಮಸ್ಯೆಗಳನ್ನು ಸ್ವಲ್ಪ ಗಮನಿಸಬೇಕು. ಒಂದು ಪೆಟ್ಟಿಗೆಯ ಉದ್ದ ಸುಮಾರು ಏಳು ಅಡಿ, ಅಗಲ ಎರಡು ಅಡಿಗೆ ಮೇಲೆ. ಅದನ್ನು ನಾಲ್ಕಾರು ಜನ ಸೇರದೆ ಎತ್ತಲಾಗದು. ಇಪ್ಪತ್ತು ಪೆಟ್ಟಿಗೆಗಳನ್ನು ನೆಲದ ಮೇಲೆ ಹರಡಿದರೆ ಒಂದು ದೊಡ್ಡ ಸಭಾಂಗಣವೇ ಬೇಕು. ಒಂದರ ಮೇಲೊಂದು ಹೇರಿದರೆ ಗೋದಾಮಿನ ಹಾಗೆ ಕಾಣುತ್ತದೆ. ಆದುದರಿಂದ ಚಕ್ರಗಳುಳ್ಳ ತಗ್ಗಾದ ಗಾಡಿಗಳು, ಪರದೆ ಸುತ್ತಿದ ಪೀಠಗಳು, ಎರಡು ಅಂತಸ್ತಿನ ಉಕ್ಕಿನ ಚೌಕಟ್ಟುಗಳು ಬಂದವು. ಮುಚ್ಚಳವನ್ನು ಎರಡು ತುಂಡುಮಾಡಿ, ತಲೆಯ ಕಡೆಯದನ್ನು ಮಾತ್ರ ತೆರೆದಿಟ್ಟು, ಒಳಗಿನ ದಿಂಬೂ ನಿರಿಗೆಗಳೂ ಕಾಣುವಂತೆ ಮಾಡಿದರು. ನೆಲಕ್ಕೆ ಜಮಖಾನ ಬಂತು, ದೀಪಗಳು ಮೃದುವಾದವು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಉಕ್ಕಿನ ಪೆಟ್ಟಿಗೆಯ ಬೆಲೆ ಅದರ ತಗಡಿನ ದಪ್ಪವನ್ನು ಅವಲಂಬಿಸಿರುತ್ತದೆ. ಆ ದಪ್ಪವನ್ನು ‘ಗೇಜ್’ ಎಂಬ ಅಂಕಿಯಿಂದ ಸೂಚಿಸುತ್ತಾರೆ. ಅಂಕಿ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ: 20 ಗೇಜಿನದು ತೆಳು, 18 ಗೇಜಿನದು ಅದಕ್ಕಿಂತ ದಪ್ಪ, 16 ಗೇಜಿನದು ಇನ್ನೂ ದಪ್ಪ. ಆದರೆ ಬಣ್ಣ ಬಳಿದು, ಮೆರುಗು ಕೊಟ್ಟು, ಹಿಡಿಗಳನ್ನು ಜೋಡಿಸಿ ನಿಲ್ಲಿಸಿದ ಮೇಲೆ ಈ ವ್ಯತ್ಯಾಸವನ್ನು ಯಾರ ಕಣ್ಣೂ ಗುರುತಿಸಲಾರದು. ಕೈಯಿಂದ ಎತ್ತಿ ತೂಗಿ ನೋಡುವಂತಿದ್ದರೆ ಗೊತ್ತಾಗುತ್ತಿತ್ತೋ ಏನೋ, ಅದು ಸಾಧ್ಯವಿಲ್ಲ. ಕೈಗೆ ಕೆಲಸವಿಲ್ಲದಲ್ಲಿ ಕಣ್ಣೇ ಯಜಮಾನ. ಆ ಕಣ್ಣನ್ನು ಎತ್ತ ತಿರುಗಿಸಬೇಕೆಂಬುದು ಪೆಟ್ಟಿಗೆಗಳನ್ನು ಜೋಡಿಸಿದವನ ಕೈಯಲ್ಲಿದೆ.

ಈ ಜೋಡಣೆಯನ್ನು ಪಾಠವಾಗಿ ಬರೆದಿಟ್ಟವನು ವಿಲ್ಬರ್ ಕ್ರೀಗರ್. ಈತ ವೃತ್ತಿಯವರ ಇನ್ನೊಂದು ಸಂಘದ ಮುಖ್ಯಸ್ಥನಾಗಿದ್ದವನು; ಶವಸಂಸ್ಕಾರ ಗೃಹಗಳ ಯಶಸ್ವೀ ನಿರ್ವಹಣೆಯನ್ನು ಕುರಿತ ಅವನ ಪುಸ್ತಕ 1951ರಲ್ಲಿ ಹೊರಬಂತು. ಅವನ ತರ್ಕ ಹೀಗೆ: ಕೋಣೆಯನ್ನು ಹೊಕ್ಕ ಮನುಷ್ಯ ಸಾಮಾನ್ಯವಾಗಿ ಬಲಗಡೆಗೆ ತಿರುಗುತ್ತಾನೆ. ಆದುದರಿಂದ ಬಲಗಡೆ ಅಗಲವಾದ, ಅಂದವಾದ ಹಾದಿಯಿರಲಿ. ಅದರ ಇಕ್ಕೆಲಗಳಲ್ಲಿ ಮಧ್ಯಮ ಬೆಲೆಗಿಂತ ಮೇಲಿನ ಪೆಟ್ಟಿಗೆಗಳಿರಲಿ. ಅಗ್ಗದವುಗಳನ್ನು ಇನ್ನೊಂದು ಬದಿಯ ಹಾದಿಯಲ್ಲಿ ಇರಿಸಬೇಕು. ಬಲಗಡೆಯದನ್ನು ಒಲ್ಲೆನೆಂದು ಹಟ ಹಿಡಿದವರು ಮಾತ್ರ ಅತ್ತ ಹೋಗುತ್ತಾರೆ. ಆ ಹಾದಿಗೆ ಅವನು ಕೊಟ್ಟ ಹೆಸರು ‘ಪ್ರತಿರೋಧದ ಓಣಿ’. ಮೊದಲು ತೋರಿಸಿದ ಪೆಟ್ಟಿಗೆ ದುಬಾರಿಯಾಯಿತೆಂದು ಗಿರಾಕಿ ಹಿಂಜರಿದರೆ, ಅವನನ್ನು ಒಂದು ಅಗ್ಗದ ಪೆಟ್ಟಿಗೆಯ ಮುಂದೆ ನಿಲ್ಲಿಸಬೇಕು. ಎರಡರ ಅಂತರ ಕಣ್ಣಿಗೆ ಹೊಡೆದು ಅವನ ಮನಸ್ಸು ಮುದುಡುತ್ತದೆ. ಆಗ ಅಲ್ಲಿಂದ ಮತ್ತೆ ಮೇಲಿನ ಬೆಲೆಯದೊಂದರ ಬಳಿಗೆ ಕರೆತರಬೇಕು.

ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ಒಂದು ಸುಳ್ಳು ಮಾತೂ ಇಲ್ಲ. ಯಾವ ಪೆಟ್ಟಿಗೆಯನ್ನೂ ಬಚ್ಚಿಟ್ಟಿಲ್ಲ, ಯಾರನ್ನೂ ಬಲವಂತ ಮಾಡಿಲ್ಲ. ಇಂಥ ಜೋಡಣೆ ಇತರ ವ್ಯಾಪಾರಗಳಲ್ಲಿ ಮಾಮೂಲು. 1908ರ ಸುಮಾರಿಗೆ ನ್ಯೂಯಾರ್ಕಿನ ವಾನಮೇಕರ್ ಮಳಿಗೆಯವರು ತಮ್ಮ ಕಟ್ಟಡದ ಒಳಗೇ ಇಪ್ಪತ್ತಕ್ಕೂ ಹೆಚ್ಚು ಕೋಣೆಗಳ ಒಂದು ಮನೆಯನ್ನು ಕಟ್ಟಿ, ತಮ್ಮ ಪೀಠೋಪಕರಣಗಳಿಂದ ಅದನ್ನು ತುಂಬಿ, ಜನರನ್ನು ಕೋಣೆಯಿಂದ ಕೋಣೆಗೆ ನಡೆಸಿದರು. ಸ್ವೀಡನ್ನಿನ ಇಂಗ್‌ವಾರ್ ಕಾಂಪ್ರಾಡ್ 1943ರಲ್ಲಿ ಐಕಿಯಾ ಸಂಸ್ಥೆಯನ್ನು ಆರಂಭಿಸಿ, ಅಂಚೆಯ ಮೂಲಕ ಮೇಜು ಕುರ್ಚಿ ಮಾರುತ್ತಿದ್ದ. ಬೆಲೆಯ ಪೈಪೋಟಿಯಲ್ಲಿ ಸರಕಿನ ಗುಣದ ಬಗ್ಗೆ ಜನಕ್ಕೆ ಸಂಶಯ ಬಂದಾಗ, 1953ರಲ್ಲಿ ಎಲ್ಮ್‌ಹುಲ್ಟ್ ಎಂಬ ಊರಿನಲ್ಲಿ ಒಂದು ಪ್ರದರ್ಶನ ಮಂದಿರ ತೆರೆದು, ಬಂದು ಮುಟ್ಟಿ ನೋಡಿ ಎಂದ. 1956ರಿಂದ ಮೇಜಿನ ಕಾಲುಗಳನ್ನು ಬಿಚ್ಚಿ ಚಪ್ಪಟೆ ಕಟ್ಟುಗಳಲ್ಲಿ ಮಾರುವ ಪದ್ಧತಿ ಬಂತು; ಕೈಗೆತ್ತಿಕೊಳ್ಳಲಾಗದ ಸರಕು ಮತ್ತೆ ಕೈಗೆ ಎಟುಕುವಂತಾಯಿತು. 1965ರಲ್ಲಿ ಸ್ಟಾಕ್‌ಹೋಮಿನ ಬಳಿ ತೆರೆದ ಮಳಿಗೆಗೆ ಜನ ಮುಗಿಬಿದ್ದಾಗ, ಗೋದಾಮಿನ ಬಾಗಿಲನ್ನೇ ತೆರೆದು ಗಿರಾಕಿಗಳು ತಾವೇ ಎತ್ತಿಕೊಂಡು ಹೋಗಲು ಬಿಟ್ಟರಂತೆ. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಅವರ ಮಳಿಗೆ ತೆರೆದಾಗ ಅಲ್ಲಿಗೆ ಹೋದವರಿಗೆ ಆ ಸುತ್ತುಬಳಸಿನ ಹಾದಿಯ ಅನುಭವವಾಗಿರಬೇಕು: ಒಂದು ದೀಪ ಬೇಕೆಂದು ಹೋದವನು ಅಡುಗೆಮನೆ, ಮಲಗುವ ಮನೆ, ಮಕ್ಕಳ ಕೋಣೆ ಎಲ್ಲವನ್ನೂ ದಾಟಿಯೇ ಹೊರಬರಬೇಕು. ಜೋಲಾನ ಮೂರೆ ಕಂಡಿದ್ದರೆ ಸಂತೋಷಪಡುತ್ತಿದ್ದ.

ಹಾಗಾದರೆ ಸೋಫಾ ಮಾರುವವನ ಜೋಡಣೆಗೂ ಶವಪೆಟ್ಟಿಗೆ ಮಾರುವವನ ಜೋಡಣೆಗೂ ವ್ಯತ್ಯಾಸವೇನು? ವ್ಯತ್ಯಾಸ ಸರಕಿನಲ್ಲಿಲ್ಲ, ಗಿರಾಕಿಯಲ್ಲಿದೆ. ಸೋಫಾ ಕೊಳ್ಳಲು ಹೋದವನು ‘ಮನೆಯಲ್ಲಿ ಕೇಳಿ ನಾಳೆ ಬರುತ್ತೇನೆ’ ಎನ್ನಬಹುದು. ಪಕ್ಕದ ಅಂಗಡಿಯಲ್ಲಿ ವಿಚಾರಿಸಬಹುದು. ಹೋದ ವರ್ಷ ಕೊಂಡ ನೆರೆಯವನ ಅನುಭವ ಕೇಳಬಹುದು. ಶವಪೆಟ್ಟಿಗೆ ಕೊಳ್ಳಲು ಹೋದವನಿಗೆ ನಾಳೆ ಎಂಬುದಿಲ್ಲ. ಅವನು ಹಿಂದಿನ ರಾತ್ರಿ ನಿದ್ದೆ ಮಾಡಿಲ್ಲ. ಬಹುಶಃ ಜೀವಮಾನದಲ್ಲಿ ಮೊದಲ ಸಲ ಇಂಥ ಕೋಣೆಗೆ ಬಂದಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಬೆಲೆ ಕೇಳುವುದೇ ಅವನಿಗೆ ಅಪರಾಧವಾಗಿ ತೋರುತ್ತದೆ. ‘ಇದಕ್ಕಿಂತ ಅಗ್ಗದ್ದು ಇದೆಯೆ?’ ಎಂದು ಕೇಳಿದರೆ ತಾಯಿಗೆ ಕೊಡಬೇಕಾದ ಕೊನೆಯ ಗೌರವದಲ್ಲಿ ಜಿಪುಣತನ ಮಾಡಿದಂತಲ್ಲವೆ? ಪ್ರತಿರೋಧದ ಓಣಿಯಲ್ಲಿ ಅವನು ನಿಜಕ್ಕೂ ಪ್ರತಿರೋಧಿಸಬೇಕಾಗಿರುವುದು ಅಂಗಡಿಯವನನ್ನಲ್ಲ, ತನ್ನ ಅಂತಃಕರಣವನ್ನೇ. ‘ಹಣ ಎಂದರೆ ಹೆಣವೂ ಬಾಯಿ ಬಿಡುತ್ತದೆ’ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಅದು ತಿರುವುಮುರುವಾಗಿದೆ: ಹೆಣದ ಮುಂದೆ ಹಣದ ಮಾತಿಗೆ ಬದುಕಿದ್ದವನ ಬಾಯಿ ಕಟ್ಟಿಹೋಗುತ್ತದೆ.

ಈ ಮೌನವನ್ನು ಮುರಿದವಳು ಜೆಸಿಕಾ ಮಿಟ್‌ಫರ್ಡ್ (1917–1996). ಇಂಗ್ಲೆಂಡಿನ ಶ್ರೀಮಂತ ಮನೆತನದಲ್ಲಿ ಹುಟ್ಟಿ, ಅಮೆರಿಕದಲ್ಲಿ ನೆಲೆಸಿದ ಲೇಖಕಿ ಆಕೆ. ಆಕೆಯ ಗಂಡ ರಾಬರ್ಟ್ ಟ್ರೂಹಾಫ್ಟ್ ಕಾರ್ಮಿಕ ಸಂಘಗಳ ಪರವಾಗಿ ವಾದಿಸುತ್ತಿದ್ದ ವಕೀಲ. ಕಾರ್ಮಿಕ ಸತ್ತರೆ ಅವನ ಹೆಂಡತಿ ಮಕ್ಕಳಿಗೆ ಇಷ್ಟು ಹಣ ಸಲ್ಲಬೇಕೆಂದು ಸಂಘಗಳು ಹೋರಾಡಿ ಪಡೆದದ್ದು, ಕೊನೆಗೆ ಶವಸಂಸ್ಕಾರದ ಬಿಲ್ಲಿನಲ್ಲಿ ಕರಗಿಹೋಗುವುದನ್ನು ಅವನು ಕಂಡ. ಅದೇ ಆ ದಂಪತಿಗಳ ಸಂಶೋಧನೆಗೆ ಮೂಲ. 1963ರಲ್ಲಿ ಪ್ರಕಟವಾದ ಮಿಟ್‌ಫರ್ಡಳ ‘ದಿ ಅಮೆರಿಕನ್ ವೇ ಆಫ್ ಡೆತ್’ ದೇಶವನ್ನೇ ಕಲಕಿತು. ಆಕೆ ಬೈಯಲಿಲ್ಲ, ವೃತ್ತಿಯವರು ತಮ್ಮತಮ್ಮೊಳಗೆ ಓದಿಕೊಳ್ಳಲೆಂದು ಬರೆದುಕೊಂಡಿದ್ದ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಬೀದಿಗೆ ತಂದು ಗಟ್ಟಿಯಾಗಿ ಓದಿದಳು, ಅಷ್ಟೆ. ಕ್ರೀಗರನ ಬಲಗಡೆಯ ಹಾದಿ, ಪ್ರತಿರೋಧದ ಓಣಿ ಇವು ಸಾಮಾನ್ಯ ಓದುಗನಿಗೆ ಗೊತ್ತಾದದ್ದು ಆಕೆಯಿಂದ. ಹಿಂದೆ 1948ರಲ್ಲಿ ಇವಲಿನ್ ವಾ ‘ದಿ ಲವ್ಡ್ ಒನ್’ ಎಂಬ ಕಿರುಕಾದಂಬರಿಯಲ್ಲಿ ಕ್ಯಾಲಿಫೋರ್ನಿಯದ ವೈಭವದ ಸ್ಮಶಾನವನ್ನು ಗೇಲಿ ಮಾಡಿದ್ದನಾದರೂ ಅದು ನಗೆಯಲ್ಲಿ ಮುಗಿದಿತ್ತು. ಮಿಟ್‌ಫರ್ಡಳ ನಗೆ ವಿಚಾರಣೆಗೆ ದಾರಿಮಾಡಿತು.

1970ರ ದಶಕದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ವ್ಯಾಪಾರದ ವಿಚಾರಣೆ ಕೈಗೊಂಡು, ಕೊನೆಗೆ ಒಂದು ನಿಯಮವನ್ನು ರೂಪಿಸಿತು. ಅದು 1984ರಲ್ಲಿ ಜಾರಿಗೆ ಬಂತು. ಅದರ ವಿಧಿಗಳು ಹಲವು. ವಿಚಾರಿಸಲು ಬಂದವನಿಗೆ ಎಲ್ಲ ಸೇವೆಗಳ ಬೆಲೆಪಟ್ಟಿಯನ್ನು ಕೈಗೆ ಕೊಡಬೇಕು. ಅದನ್ನು ಅವನು ಮನೆಗೆ ಕೊಂಡೊಯ್ಯಬಹುದು. ಬೇಕಾದ್ದನ್ನು ಮಾತ್ರ ಆರಿಸಿ, ಬೇಡವಾದುದನ್ನು ಬಿಡುವ ಹಕ್ಕು ಅವನದು. ಪೆಟ್ಟಿಗೆಯ ರಬ್ಬರಿನ ಬಿಗಿಪಟ್ಟಿ ದೇಹವನ್ನು ಚಿರಕಾಲ ಕಾಪಾಡುತ್ತದೆಂಬಂಥ ಸುಳ್ಳು ಭರವಸೆಗಳನ್ನು ಕೊಡಕೂಡದು. ಇವೆಲ್ಲಕ್ಕಿಂತ ನನಗೆ ಸೂಕ್ಷ್ಮವೆನಿಸಿದ್ದು ಒಂದು ಸಣ್ಣ ವಿಧಿ: ಪೆಟ್ಟಿಗೆಗಳ ಬೆಲೆಪಟ್ಟಿಯನ್ನು, ಪೆಟ್ಟಿಗೆಗಳನ್ನು ತೋರಿಸುವುದಕ್ಕೆ ಮುಂಚೆ ಗಿರಾಕಿಗೆ ತೋರಿಸಬೇಕು.

ಮುಂಚೆ ಎಂಬ ಆ ಒಂದು ಮಾತಿನಲ್ಲಿ ಎಷ್ಟು ತಿಳಿವಳಿಕೆಯಿದೆ ನೋಡಿ. ಕಾನೂನು ಮಾಡಿದವರು ದೀಪಗಳನ್ನು ಆರಿಸಿರೆಂದು ಹೇಳಲಿಲ್ಲ. ಜಮಖಾನ ತೆಗೆಯಿರೆಂದೂ ಹೇಳಲಿಲ್ಲ. ಜೋಡಣೆಯ ವಿರುದ್ಧ ಇನ್ನೊಂದು ಜೋಡಣೆಯನ್ನು ಒಡ್ಡಿದರು. ಕಣ್ಣು ಸೋಲುವುದಕ್ಕೆ ಮುಂಚೆ ಬುದ್ಧಿಯ ಮುಂದೆ ಒಂದು ಹಾಳೆ ಕಾಗದವಿರಲಿ ಎಂದರು. ಎಲ್ಲ ಪೆಟ್ಟಿಗೆಗಳೂ, ಅತ್ಯಂತ ಅಗ್ಗದ್ದೂ ಸೇರಿ, ಒಂದರ ಕೆಳಗೊಂದು ಒಂದೇ ಅಳತೆಯ ಅಕ್ಷರಗಳಲ್ಲಿ ನಿಲ್ಲುವ ಕೋಣೆಯೆಂದರೆ ಆ ಕಾಗದವೇ. ಅದನ್ನು ಕೈಗೆತ್ತಿಕೊಳ್ಳಬಹುದು!

ಆಮೇಲಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1994ರಲ್ಲಿ ನಿಯಮ ತಿದ್ದುಪಡಿಯಾಗಿ, ಪೆಟ್ಟಿಗೆಯನ್ನು ಬೇರೆಡೆಯಿಂದ ಕೊಂಡುತಂದವರ ಮೇಲೆ ಅದಕ್ಕಾಗಿಯೇ ಪ್ರತ್ಯೇಕ ಶುಲ್ಕ ಹೇರುವುದು ನಿಷಿದ್ಧವಾಯಿತು. ಪೆಟ್ಟಿಗೆಗಳನ್ನಷ್ಟೇ ಮಾರುವ ಸ್ವತಂತ್ರ ಅಂಗಡಿಗಳು ತಲೆಯೆತ್ತಿದವು. ಇಡೀ ಪೆಟ್ಟಿಗೆಯ ಬದಲು ಅದರ ಒಂದು ಮೂಲೆಯನ್ನು ಮಾತ್ರ ಕತ್ತರಿಸಿ ಗೋಡೆಗೆ ತೂಗುಹಾಕುವ ಹೊಸ ಸಜ್ಜಿಕೆಗಳು ಬಂದವು. ಸಭಾಂಗಣದಷ್ಟು ಜಾಗ ಬೇಡುತ್ತಿದ್ದ ದಾಸ್ತಾನು ಒಂದು ಸಣ್ಣ ಕೋಣೆಯ ಗೋಡೆಯಲ್ಲಿ ಅಡಕವಾಯಿತು. ನೋಡುವವನಿಗೂ ಅದು ಅಷ್ಟು ಭಯಂಕರವಲ್ಲ. 2004ರಲ್ಲಿ ಕಾಸ್ಟ್‌ಕೋ ಎಂಬ ಸಗಟು ಮಳಿಗೆಯವರು ಷಿಕಾಗೋ ಪ್ರದೇಶದ ತಮ್ಮ ಅಂಗಡಿಗಳಲ್ಲಿ, ದಿನಸಿ ಮತ್ತು ಗೃಹೋಪಯೋಗಿ ಸಾಮಾನುಗಳ ನಡುವೆಯೇ, ಶವಪೆಟ್ಟಿಗೆಗಳ ಮಾರಾಟವನ್ನು ಪ್ರಯೋಗಾರ್ಥವಾಗಿ ಆರಂಭಿಸಿದರು. ಹಿಂದೆ ಒಂದೇ ನಾಮಫಲಕದ ಕೆಳಗಿದ್ದ ಮಂಚವೂ ಶವಪೆಟ್ಟಿಗೆಯೂ ನೂರು ವರ್ಷಗಳ ಅಗಲಿಕೆಯ ನಂತರ ಒಂದೇ ಸೂರಿನಡಿ ಮತ್ತೆ ಸೇರಿದವು.

ಲೂಸಿಯಾನಾ ರಾಜ್ಯದಲ್ಲಿ ಇನ್ನೊಂದು ನಾಟಕ ನಡೆಯಿತು. ಅಲ್ಲಿಯ ಸೇಂಟ್ ಜೋಸೆಫ್ ಮಠದ ಸಂನ್ಯಾಸಿಗಳು ತಮ್ಮವರನ್ನು ಹೂಳಲು ಸೈಪ್ರೆಸ್ ಮರದ ಸರಳವಾದ ಪೆಟ್ಟಿಗೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. 2005ರ ಕತ್ರೀನಾ ಚಂಡಮಾರುತದಲ್ಲಿ ಮಠದ ಮರಗಳು ನಾಶವಾಗಿ, ಅದರಿಂದ ಬರುತ್ತಿದ್ದ ವರಮಾನ ನಿಂತಾಗ, 2007ರಲ್ಲಿ ಈ ಪೆಟ್ಟಿಗೆಗಳನ್ನು ಸಾರ್ವಜನಿಕರಿಗೆ ಮಾರಲು ಮುಂದಾದರು. ಪರವಾನಗಿಯಿಲ್ಲದೆ ಶವಪೆಟ್ಟಿಗೆ ಮಾರುವುದು ರಾಜ್ಯದ ಕಾನೂನಿಗೆ ವಿರುದ್ಧವೆಂದು ತಡೆ ಬಂತು. ಸಂನ್ಯಾಸಿಗಳು ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ಮೇಲಿನ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಮೃದುದೀಪಗಳ ಕೋಣೆಯಿಲ್ಲದೆ, ಬಡಗಿಯ ಕಮ್ಮಟದಿಂದ ನೇರವಾಗಿ ಕೊಳ್ಳುವ ಹಳೆಯ ಪದ್ಧತಿ ಹೀಗೆ ನ್ಯಾಯಾಲಯದ ಬಾಗಿಲಿನಿಂದ ಮರಳಿ ಬಂತು.

ಅಷ್ಟರಲ್ಲಿ ಕಾಲವೇ ಬದಲಾಗುತ್ತಿತ್ತು. 2016ರ ವೇಳೆಗೆ ಅಮೆರಿಕದಲ್ಲಿ ಹೂಳುವವರಿಗಿಂತ ಸುಡುವವರ ಸಂಖ್ಯೆ ಹೆಚ್ಚಾಯಿತು. ಆಯ್ಕೆಯ ಕೋಣೆಗಳಲ್ಲಿ ಪೆಟ್ಟಿಗೆಗಳು ಕಡಿಮೆಯಾಗಿ, ಬೂದಿಯನ್ನಿಡುವ ಕರಂಡಕಗಳು ಗಾಜಿನ ಕಪಾಟುಗಳಲ್ಲಿ ಬಂದು ಕುಳಿತವು. ಏಳು ಅಡಿಯ ಸರಕು ಅಂಗೈಗೆ ಬಂತು. ಬ್ರಿಟನ್ನಿನಲ್ಲಿ 2021ರಿಂದ ಶವಸಂಸ್ಕಾರದ ವ್ಯಾಪಾರಿಗಳೆಲ್ಲರೂ ಒಂದೇ ಮಾದರಿಯ ಬೆಲೆಪಟ್ಟಿಯನ್ನು ತಮ್ಮ ಅಂಗಡಿಯಲ್ಲಿ ಎದ್ದು ಕಾಣುವಂತೆ ಪ್ರದರ್ಶಿಸಬೇಕೆಂಬ ಆಜ್ಞೆಯಾಗಿದೆ. ಸವರ್‌ಬೆರಿಯ ನಾಡಿನಲ್ಲಿ ಈಗ ಪ್ರದರ್ಶನಕ್ಕೆ ಇರಲೇಬೇಕಾದ ವಸ್ತು ಪೆಟ್ಟಿಗೆಯಲ್ಲ, ಅದರ ಬೆಲೆ.

ಇದನ್ನೆಲ್ಲ ಓದುವಾಗ ನನ್ನ ನೆನಪಿಗೆ ಬರುವುದು ನಮ್ಮ ಊರುಗಳ ಚಟ್ಟ. ಸಾವಾದ ಮನೆಯ ಮುಂದೆ ನೆರೆಯವರು ಬಿದಿರು ತಂದು, ಅಡ್ಡಪಟ್ಟಿಗಳನ್ನ್ಹಾಕಿ, ಹುರಿಯಿಂದ ಕಟ್ಟುತ್ತಾರೆ. ಮಗ ಅದನ್ನು ಆರಿಸುವುದಿಲ್ಲ. ಯಾವ ಬಿದಿರೆಂದು ಅವನನ್ನು ಯಾರೂ ಕೇಳುವುದೂ ಇಲ್ಲ. ಅವನು ಜಗುಲಿಯ ಮೇಲೆ ಸುಮ್ಮನೆ ಕೂತಿರಬಹುದು. ನಮ್ಮ ತಂದೆ ತೀರಿಕೊಂಡ ದಿನ ನಾನು ಹಾಗೆಯೇ ಕೂತಿದ್ದೆ. ಆರಿಸುವ ಹೊಣೆಯಿಲ್ಲದಿರುವುದು ಎಷ್ಟು ದೊಡ್ಡ ಉಪಕಾರವೆಂದು ಆಗ ತಿಳಿಯಲಿಲ್ಲ. ಕ್ರೀಗರನ ಕೋಣೆಯ ವರ್ಣನೆಯನ್ನು ಓದಿದ ಮೇಲೆ ತಿಳಿಯಿತು. ಹಾಗೆಂದು ನಮ್ಮದೇ ಮೇಲೆಂದು ಬೀಗುವುದಕ್ಕೂ ಅವಕಾಶವಿಲ್ಲ. ಹದಿಮೂರು ದಿನಗಳ ಕರ್ಮಕ್ಕೂ ವೈಕುಂಠ ಸಮಾರಾಧನೆಗೂ ಸಾಲ ಮಾಡಿ, ತೀರಿಸಲಾರದೆ ಬಳಲಿದ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ‘ಅಷ್ಟೇನಾ ಮಾಡಿದ್ದು?’ ಎಂದು ಜನ ಆಡಿಕೊಂಡಾರೆಂಬ ಅಳುಕೇ ನಮ್ಮ ಪ್ರತಿರೋಧದ ಓಣಿ. ಅದಕ್ಕೆ ಗೋಡೆಗಳಿಲ್ಲ, ದೀಪಗಳಿಲ್ಲ. ಆದರೂ ಅದರಲ್ಲಿ ನಡೆಯುವುದು ಸುಲಭವಲ್ಲ.

ವಸ್ತುಗಳನ್ನು ಜೋಡಿಸಿಡುವುದು ನಿರ್ದೋಷವಾದ ಕಲೆ. ಅದಿಲ್ಲದೆ ಅಂಗಡಿಯಿಲ್ಲ, ವಸ್ತುಸಂಗ್ರಹಾಲಯವಿಲ್ಲ, ದೇವರ ಮನೆಯೂ ಇಲ್ಲ. ಆದರೆ ಎದುರಿಗೆ ನಿಂತವನು ‘ನಾಳೆ ಬರುತ್ತೇನೆ’ ಎನ್ನಲಾರದ ಸ್ಥಿತಿಯಲ್ಲಿರುವಾಗ ಆ ಕಲೆಯ ಧರ್ಮ ಬದಲಾಗುತ್ತದೆ. ಅಂಥವನಿಗೆ ತೋರಿಸುವಾಗ ಅಗ್ಗದ ಪೆಟ್ಟಿಗೆಯ ಮೇಲೂ ಅಷ್ಟೇ ಬೆಳಕು ಬೀಳಬೇಕು.